ಗಡಿಯಾರದ ಮಟ್ಟ ಕಿವಿಗೆ ಗೊತ್ತು

ಮನೆ ಬದಲಿಸಿದಾಗ ನಿಂತುಹೋಗುವ ಲೋಲಕದ ಗಡಿಯಾರ ಬಹುಪಾಲು ಕೆಟ್ಟಿರುವುದಿಲ್ಲ. ಅಲುಗಾಡದ ಒಂದು ನೆಲೆ, ಒಂದು ತುಂಡು ರಟ್ಟು, ಸಮಾಧಾನವಾಗಿ ಕೇಳುವ ಕಿವಿ ಇದ್ದರೆ ಅದು ಮತ್ತೆ ನಡೆಯುತ್ತದೆ.

ಬೆಂಗಳೂರಿನ ದೊಮ್ಮಲೂರಿನಲ್ಲಿ ಹಳೆಯ ಮನೆಗಳು ಒಂದೊಂದಾಗಿ ಉರುಳುತ್ತಿವೆ. ರೆಡ್ ಆಕ್ಸೈಡ್ ನೆಲ, ಮರದ ಕಿಟಕಿ, ಕಾಂಪೌಂಡಿನೊಳಗೆ ಒಂದು ತೆಂಗು, ಒಂದು ಸೀಬೆ ಇದ್ದ ಜಾಗದಲ್ಲಿ ನಾಲ್ಕಂತಸ್ತಿನ ಕಟ್ಟಡ ಏಳುತ್ತದೆ. ಮನೆಯವರು ಒಂದೆರಡು ವರ್ಷ ಬಾಡಿಗೆ ಮನೆಯಲ್ಲಿದ್ದು ಮತ್ತೆ ಬರುತ್ತಾರೆ, ಇಲ್ಲವೇ ಬೇರೆ ಕಡೆ ಫ್ಲ್ಯಾಟು ಹಿಡಿಯುತ್ತಾರೆ. ಸಾಮಾನಿನ ಲಾರಿಯಲ್ಲಿ ಬಂದ ಫ್ರಿಜ್ಜು, ಟಿ.ವಿ., ಮಿಕ್ಸಿ ಎಲ್ಲವೂ ಪ್ಲಗ್ ಹಾಕಿದ ಕೂಡಲೇ ಮೊದಲಿನಂತೆ ಕೆಲಸ ಮಾಡುತ್ತವೆ. ತಕರಾರು ತೆಗೆಯುವುದು ಒಂದೇ ವಸ್ತು, ತಾತನ ಕಾಲದ ಲೋಲಕದ ಗಡಿಯಾರ. ಕೀ ಕೊಟ್ಟು ಲೋಲಕ ತೂಗಿಬಿಟ್ಟರೆ ಐದು ನಿಮಿಷ ನಡೆಯುತ್ತದೆ, ಆಮೇಲೆ ಸದ್ದಿಲ್ಲ. ಇನ್ನೊಮ್ಮೆ ತೂಗಿಬಿಟ್ಟರೂ ಅದೇ ಕಥೆ. ‘ಇದರ ಆಯಸ್ಸು ಮುಗಿಯಿತು’ ಎಂದು ಮನೆಯವರು ತೀರ್ಮಾನಿಸುತ್ತಾರೆ. ಗಡಿಯಾರ ಶೋಕೇಸಿನ ಅಲಂಕಾರವಾಗುತ್ತದೆ, ಅಥವಾ ಶಿವಾಜಿನಗರದ ಗುಜರಿ ಬೀದಿ ಸೇರುತ್ತದೆ.

ಈ ತೀರ್ಮಾನ ಬಹಳ ಸಲ ತಪ್ಪು. ಹಿಂದಿನ ದಿನದವರೆಗೂ ಹಳೆ ಮನೆಯಲ್ಲಿ ಚೆನ್ನಾಗಿ ನಡೆಯುತ್ತಿದ್ದ ಯಂತ್ರ ಒಂದು ಲಾರಿ ಪ್ರಯಾಣಕ್ಕೆ ಸವೆದುಹೋಗುವುದಿಲ್ಲ. ಬದಲಾಗಿರುವುದು ಅದು ನಿಂತ ನೆಲೆ. ಕಪಾಟಿನ ತುದಿ ಒಂದು ಕೂದಲೆಳೆಯಷ್ಟು ವಾರೆಯಾಗಿದ್ದರೂ ಲೋಲಕದ ನಡೆ ಕೆಡುತ್ತದೆ. ಅದನ್ನು ಸರಿಪಡಿಸಲು ದೊಡ್ಡ ವಿದ್ಯೆ ಬೇಡ, ಆದರೆ ಗಮನವಿಟ್ಟು ಕೇಳುವುದು ಗೊತ್ತಿರಬೇಕು.

ಬೆಂಕಿಗೂಡಿನಿಂದ ಶೋಕೇಸಿಗೆ

ಈ ಗಡಿಯಾರಗಳ ಮೂಲ ಸ್ಥಾನ ಬೆಂಕಿಗೂಡಿನ ಮೇಲಿನ ಕಟ್ಟೆ. ಇಂಗ್ಲಿಷರ ಮನೆಗಳಲ್ಲಿ ಅದಕ್ಕೆ ಮ್ಯಾಂಟೆಲ್ ಎಂದು ಹೆಸರು, ಅದರ ಮೇಲೆ ಕೂರುವ ಗಡಿಯಾರ ಮ್ಯಾಂಟೆಲ್ ಗಡಿಯಾರ. ಬೆಂಗಳೂರಿನ ಕಂಟೋನ್ಮೆಂಟ್ ಬಂಗಲೆಗಳಲ್ಲೂ ಬೆಂಕಿಗೂಡುಗಳಿದ್ದವು. ನಮ್ಮವರ ಮನೆಗಳಲ್ಲಿ ಗಡಿಯಾರಕ್ಕೆ ಸಿಕ್ಕಿದ್ದು ಕಪಾಟಿನ ನೆತ್ತಿ, ರೇಡಿಯೊ ಸ್ಟ್ಯಾಂಡು, ಆಮೇಲೆ ಗಾಜಿನ ಶೋಕೇಸು. ಅಮೆರಿಕದ ಸೇತ್ ಥಾಮಸ್ ಮತ್ತು ಅನ್ಸೋನಿಯಾ, ಜರ್ಮನಿಯ ಯುಂಗ್‌ಹಾನ್ಸ್, ಜಪಾನಿನ ಸೇಕೋಶಾ ಇವೆಲ್ಲ ಹಳೆಯ ಮುಖಫಲಕಗಳ ಮೇಲೆ ಕಾಣುವ ಹೆಸರುಗಳು. ಅನ್ಸೋನಿಯಾ ಕಂಪನಿ 1929ರಲ್ಲಿ ತಯಾರಿಕೆ ನಿಲ್ಲಿಸಿ ತನ್ನ ಯಂತ್ರಗಳನ್ನು ಸೋವಿಯತ್ ಒಕ್ಕೂಟಕ್ಕೆ ಮಾರಿತು. ಹಾಗಾಗಿ ಇಂದು ಯಾರ ಮನೆಯಲ್ಲಾದರೂ ಹಳೆಯ ಅಮೆರಿಕನ್ ಅನ್ಸೋನಿಯಾ ನಡೆಯುತ್ತಿದ್ದರೆ ಅದರ ವಯಸ್ಸು ಹತ್ತಿರ ಹತ್ತಿರ ನೂರು, ಇಲ್ಲವೇ ಅದಕ್ಕಿಂತ ಹೆಚ್ಚು.

ಬೆಂಗಳೂರಿಗೆ ತನ್ನದೇ ಗಡಿಯಾರದ ಹೆಮ್ಮೆಯೂ ಇದೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್.ಎಂ.ಟಿ. ಇಲ್ಲಿ ಕೈಗಡಿಯಾರದ ಕಾರ್ಖಾನೆ ಆರಂಭಿಸಿದ್ದು 1961ರಲ್ಲಿ. ಆ ಮೇಲೆ ಕ್ವಾರ್ಟ್ಸ್ ಬಂತು. ಸೆಕೆಂಡಿಗೆ 32,768 ಸಲ ಕಂಪಿಸುವ ಚಿಕ್ಕ ಹರಳಿಗೆ ನೆಲ ಮಟ್ಟವಾಗಿದ್ದರೂ ಒಂದೇ, ವಾರೆಯಾಗಿದ್ದರೂ ಒಂದೇ. ಮೊಳೆ ಹೊಡೆದು ನೇತುಹಾಕಿ ಬ್ಯಾಟರಿ ಹಾಕಿದರೆ ಮುಗಿಯಿತು. ಒಂದು ತಲೆಮಾರು ಈ ಅನುಕೂಲದಲ್ಲೇ ಬೆಳೆಯಿತು. ಲೋಲಕದ ಗಡಿಯಾರವನ್ನು ‘ಕೂರಿಸುವುದು’ ಒಂದು ಕೆಲಸ ಎನ್ನುವುದೇ ಮನೆಗಳಲ್ಲಿ ಮರೆತುಹೋಗಿರುವುದು ಹೀಗೆ.

ಎರಡು ಸದ್ದಿನ ನಡುವೆ

ಕೀ ಕೊಟ್ಟಾಗ ಬಿಗಿಯಾಗಿ ಸುತ್ತಿಕೊಳ್ಳುವ ಸ್ಪ್ರಿಂಗು ಬಿಚ್ಚಿಕೊಳ್ಳಲು ಹವಣಿಸುತ್ತದೆ. ತಡೆಯುವವರಿಲ್ಲದಿದ್ದರೆ ಹಲ್ಲಿನ ಚಕ್ರಗಳೆಲ್ಲ ಗರ್ರನೆ ತಿರುಗಿ ವಾರದ ಶಕ್ತಿ ನಿಮಿಷಗಳಲ್ಲಿ ಖಾಲಿಯಾಗುತ್ತದೆ. ತಡೆಯುವುದು ಎರಡು ತೋಳಿನ ಒಂದು ಪುಟ್ಟ ಉಕ್ಕಿನ ತುಂಡು, ಅದೇ ಆಂಕರ್. ಇಂಗ್ಲೆಂಡಿನಲ್ಲಿ 17ನೇ ಶತಮಾನದಲ್ಲಿ ರೂಪುಗೊಂಡ ಈ ಏರ್ಪಾಟು ಇಂದಿಗೂ ಅದೇ. ಲೋಲಕ ಎಡಕ್ಕೆ ಹೋದಾಗ ಒಂದು ತೋಳು ಚಕ್ರದ ಒಂದು ಹಲ್ಲನ್ನು ಬಿಡುತ್ತದೆ, ಬಲಕ್ಕೆ ಹೋದಾಗ ಇನ್ನೊಂದು ತೋಳು ಇನ್ನೊಂದನ್ನು ಬಿಡುತ್ತದೆ. ಬಿಟ್ಟುಕೊಟ್ಟ ಹಲ್ಲು ಹೋಗುವ ಮುಂಚೆ ತೋಳಿಗೆ ಒಂದು ಸಣ್ಣ ತಳ್ಳು ಕೊಟ್ಟು ಹೋಗುತ್ತದೆ. ಮುಂದಿನ ಹಲ್ಲು ಇನ್ನೊಂದು ತೋಳಿಗೆ ಬಂದು ಬಡಿಯುವ ಸದ್ದೇ ಟಿಕ್, ಆ ಕಡೆಯದು ಟಕ್.

ಮಗುವನ್ನು ಉಯ್ಯಾಲೆಯಲ್ಲಿ ಕೂರಿಸಿ ಇಬ್ಬರು ಎರಡೂ ಕಡೆಯಿಂದ ತೂಗುವುದನ್ನು ನೆನೆಸಿಕೊಳ್ಳಿ. ಇಬ್ಬರೂ ನಡುವಿನಿಂದ ಸಮ ದೂರದಲ್ಲಿ ನಿಂತು ಹದವರಿತು ತಳ್ಳಿದರೆ ಉಯ್ಯಾಲೆ ಎಷ್ಟು ಹೊತ್ತಾದರೂ ಆಡುತ್ತದೆ. ಲೋಲಕಕ್ಕೂ ಅಷ್ಟೇ. ಅದು ಸುಮ್ಮನೆ ನೇತಾಡುವಾಗ ನಿಲ್ಲುವ ಜಾಗ ಆಂಕರಿನ ಎರಡು ‘ಬಿಡುವ’ ಜಾಗಗಳ ಸರಿಯಾದ ನಡುವೆ ಇರಬೇಕು. ಗಡಿಯಾರ ವಾರೆಯಾದರೆ ಲೋಲಕ ಭೂಮಿಗೆ ನೇರವಾಗಿಯೇ ನೇತಾಡುತ್ತದೆ, ಆದರೆ ಯಂತ್ರ ವಾಲಿರುತ್ತದೆ. ಒಂದು ಕಡೆಯ ಹಲ್ಲು ಬೇಗ ಬಿಡುತ್ತದೆ. ಇನ್ನೊಂದು ಕಡೆಯದನ್ನು ಬಿಡಿಸಲು ಲೋಲಕ ಹೆಚ್ಚು ದೂರ ಹೋಗಬೇಕಾಗುತ್ತದೆ. ಆಗ ಕೇಳುವುದು ಟಿಕ್-ಟಕ್… ಟಿಕ್-ಟಕ್… ಎಂಬ ಕುಂಟು ನಡೆ. ನೀವು ಕೈಯಿಂದ ಜೋರಾಗಿ ತೂಗಿಬಿಟ್ಟಾಗ ಆ ದೂರದ ತುದಿ ಮುಟ್ಟುವಷ್ಟು ಬಲವಿರುತ್ತದೆ. ಐದು ನಿಮಿಷದಲ್ಲಿ ತೂಗಾಟ ತನ್ನ ಸಹಜ ಅಳತೆಗೆ ಇಳಿಯುತ್ತದೆ, ಆ ತುದಿ ಮುಟ್ಟುವುದಿಲ್ಲ, ಹಲ್ಲು ಬಿಡುವುದಿಲ್ಲ, ಗಡಿಯಾರ ನಿಲ್ಲುತ್ತದೆ. ‘ಐದು ನಿಮಿಷ ಓಡಿ ನಿಂತುಹೋಗುತ್ತದೆ’ ಎಂಬ ದೂರಿನ ಹಿಂದಿರುವ ಕಾರಣ ಬಹುತೇಕ ಇದೇ.

ಇನ್ನೊಂದು ಬಗೆಯೂ ಉಂಟು. ನಡೆ ಸ್ವಲ್ಪ ಮಾತ್ರ ಕುಂಟಾಗಿದ್ದರೆ ಕೀ ತುಂಬಿದ್ದಾಗ ಗಡಿಯಾರ ನಡೆಯುತ್ತದೆ, ಸ್ಪ್ರಿಂಗಿನ ಬಲ ಕುಗ್ಗಿದ ಐದನೆಯ ಅಥವಾ ಆರನೆಯ ದಿನ ನಿಲ್ಲುತ್ತದೆ. ಎಂಟು ದಿನ ನಡೆಯಬೇಕಾದ ಗಡಿಯಾರ ಐದೇ ದಿನಕ್ಕೆ ನಿಂತರೆ ಸ್ಪ್ರಿಂಗನ್ನು ದೂರುವ ಮುಂಚೆ ಅದರ ಸದ್ದನ್ನು ಒಮ್ಮೆ ಕೇಳಬೇಕು.

ನೆಲಕ್ಕೆ ವಾಟ ಇರುತ್ತದೆ

ದೊಮ್ಮಲೂರು ಸಪಾಟು ನೆಲವಲ್ಲ. ಚೋಳರ ಕಾಲದ ಚೊಕ್ಕನಾಥಸ್ವಾಮಿ ದೇವಸ್ಥಾನ ಎತ್ತರದಲ್ಲಿದೆ, ಊರ ಕೆರೆ ಇದ್ದ ಜಾಗದಲ್ಲಿ ಬಡಾವಣೆ ಎದ್ದಿದೆ. ಆದರೆ ಗಡಿಯಾರಕ್ಕೆ ತೊಂದರೆ ಕೊಡುವ ಇಳಿಜಾರು ಬೀದಿಯಲ್ಲಿಲ್ಲ, ಮನೆಯೊಳಗೇ ಇದೆ. ತೊಳೆದ ನೀರು ಬಾಗಿಲ ಕಡೆಗೋ ಬಚ್ಚಲ ಕಡೆಗೋ ಹರಿದುಹೋಗಲೆಂದು ಗಾರೆ ಕೆಲಸದವರು ನೆಲಕ್ಕೆ ವಾಟ ಕೊಡುವುದುಂಟು. ಆ ನೆಲದ ಮೇಲೆ ನಿಂತ ಕಪಾಟೂ ಅಷ್ಟೇ ವಾಲುತ್ತದೆ. ಹಳೆ ಮನೆಯಲ್ಲಿ ಬಲಕ್ಕೆ ವಾಲಿದ್ದ ಕಪಾಟು ಹೊಸ ಮನೆಯಲ್ಲಿ ಎಡಕ್ಕೆ ವಾಲಬಹುದು. ಹಿಂದೆ ಯಾರೋ ಹಳೆಯ ವಾಲಿಕೆಗೆ ಹೊಂದಿಸಿ ಗಡಿಯಾರವನ್ನು ಸರಿಮಾಡಿದ್ದರೆ, ಹೊಸ ಜಾಗದಲ್ಲಿ ತಪ್ಪು ಎರಡು ಪಟ್ಟಾಗುತ್ತದೆ.

ಹಾಗಾದರೆ ರಸಮಟ್ಟ ಇಟ್ಟು ಪೆಟ್ಟಿಗೆಯನ್ನು ಸಮ ಮಾಡಿದರೆ ಸಾಲದೇ ಎಂದು ಕೇಳಬಹುದು. ಬಹಳ ಜನ ಮಾಡುವುದು ಅದನ್ನೇ, ಬಹಳ ಸಲ ಗಡಿಯಾರ ಆಗಲೂ ನಿಲ್ಲುತ್ತದೆ. ರಸಮಟ್ಟ ಹೇಳುವುದು ಮರದ ಪೆಟ್ಟಿಗೆಯ ಸಮಾಚಾರ. ಪೆಟ್ಟಿಗೆಯೊಳಗೆ ಯಂತ್ರವನ್ನು ಒಂದಿಷ್ಟು ವಾರೆಯಾಗಿ ತಿರುಪು ಹಾಕಿ ಬಿಗಿದಿರಬಹುದು, ಆಂಕರಿನ ತಂತಿ ಎಂದೋ ಬಾಗಿರಬಹುದು. ಲೋಲಕಕ್ಕೆ ಬೇಕಾದ ಮಟ್ಟವನ್ನು ಹೇಳಬಲ್ಲದ್ದು ಅದರ ಸದ್ದು ಒಂದೇ. ಪೆಟ್ಟಿಗೆ ಕಣ್ಣಿಗೆ ನೇರ ಕಾಣುವುದು ಅಂದಕ್ಕೆ ಬೇಕು, ಸದ್ದು ಸಮವಾಗಿರುವುದು ನಡೆಗೆ ಬೇಕು. ಎರಡರಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ ಸದ್ದನ್ನೇ ಆರಿಸಿ.

ಕಿವಿಗೊಟ್ಟು ಕೂರಿಸುವ ಬಗೆ

ಮೊದಲ ಕೆಲಸ ಜಾಗ ಹುಡುಕುವುದು. ಗಡಿಯಾರ ಕೂತ ಮೇಲೆ ಅಲ್ಲಾಡಬಾರದು. ತೆಳು ಪ್ಲೈವುಡ್ಡಿನ ಶೆಲ್ಫು, ಕಾಲು ಸಡಿಲವಾದ ಮೇಜು, ಹೋಗಿ ಬರುವಾಗ ಅದುರುವ ಕಪಾಟು ಬೇಡ. ಆಧಾರ ಅಲ್ಲಾಡಿದರೆ ಲೋಲಕದ ಬಲ ಆ ಮರಕ್ಕೆ ಸೋರಿಹೋಗುತ್ತದೆ. ಇದು ಎಷ್ಟು ಸೂಕ್ಷ್ಮ ಎನ್ನುವುದನ್ನು ಲೋಲಕದ ಗಡಿಯಾರವನ್ನು ಮೊದಲು ಮಾಡಿದ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ ಅವರೇ ಕಂಡಿದ್ದರು. 1656ರಲ್ಲಿ ಗಡಿಯಾರ ಮಾಡಿದ ಅವರು 1665ರಲ್ಲಿ ಕಾಯಿಲೆ ಬಿದ್ದು ಮಲಗಿದ್ದಾಗ ಒಂದೇ ತೊಲೆಗೆ ತೂಗುಹಾಕಿದ್ದ ಎರಡು ಗಡಿಯಾರಗಳನ್ನು ಗಮನಿಸಿದರು. ಎರಡರ ಲೋಲಕಗಳೂ ಅರ್ಧ ಗಂಟೆಯೊಳಗೆ ಒಂದಕ್ಕೊಂದು ಎದುರು ಬದುರಾಗಿ, ಒಂದೇ ಲಯದಲ್ಲಿ ತೂಗತೊಡಗಿದ್ದವು. ಕಣ್ಣಿಗೆ ಕಾಣದಂತಿದ್ದ ತೊಲೆಯ ಅಲುಗಾಟವೇ ಎರಡನ್ನೂ ಬೆಸೆದಿತ್ತು. ಅಷ್ಟು ದಪ್ಪದ ತೊಲೆಯೇ ಹಾಗಾದರೆ ನಮ್ಮ ಪ್ಲೈವುಡ್ಡಿನ ಪಾಡು ಹೇಳುವುದು ಬೇಡ.

ಜಾಗ ಸಿಕ್ಕಿತು ಅನ್ನೋಣ. ಹಿಂದಿನ ಬಾಗಿಲು ತೆಗೆದು ನೋಡಿ. ಲೋಲಕದ ಕಡ್ಡಿ ಮೇಲುಗಡೆ ಒಂದು ತೆಳುವಾದ ಉಕ್ಕಿನ ಪಟ್ಟಿಗೆ ಸಿಕ್ಕಿಕೊಂಡಿರುತ್ತದೆ, ತೂಗಾಟವನ್ನೆಲ್ಲ ಹೊರುವುದು ಈ ಪಟ್ಟಿಯೇ. ಅದು ಮಡಚಿದ್ದರೆ ಅಥವಾ ಸೀಳಿದ್ದರೆ ಮುಂದಿನ ಯಾವ ಪ್ರಯತ್ನವೂ ಫಲಿಸದು, ಮೊದಲು ಅದನ್ನು ಬದಲಿಸಬೇಕು. ಸಾಗಿಸುವಾಗ ಲೋಲಕ ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಬೇರೆ ಇಡಬೇಕು ಎನ್ನುವುದು ಇದಕ್ಕಾಗಿಯೇ. ಆಂಕರಿನಿಂದ ಕೆಳಗಿಳಿದ ಒಂದು ತಂತಿ ಲೋಲಕದ ಕಡ್ಡಿಯನ್ನು ಹಿಡಿದುಕೊಂಡಿರುತ್ತದೆ, ರಿಪೇರಿಯವರು ಅದನ್ನು ಕ್ರಚ್ ಎನ್ನುತ್ತಾರೆ. ಕಡ್ಡಿ ಅದರೊಳಗೆ ಸರಿಯಾಗಿ ಕೂತಿದೆಯೇ, ಲೋಲಕದ ಗುಂಡು ಪೆಟ್ಟಿಗೆಯ ಹಿಂಬದಿಗೋ ಗಂಟೆ ಬಾರಿಸುವ ಸರಳುಗಳಿಗೋ ತಾಗುತ್ತಿದೆಯೇ ನೋಡಿಕೊಳ್ಳಿ. ತಾಗುತ್ತಿದ್ದರೆ ಮುಂದಿನ ಅಥವಾ ಹಿಂದಿನ ಕಾಲಿಗೆ ಒಂದು ಆಸರೆ ಕೊಟ್ಟು ಬಿಡಿಸಿ.

ಈಗ ಫ್ಯಾನು, ಟಿ.ವಿ. ಆರಿಸಿ. ಹಳೆ ಏರ್‌ಪೋರ್ಟ್ ರಸ್ತೆಯ ಸದ್ದು ಇಳಿಯುವ ರಾತ್ರಿಯ ಹೊತ್ತು ದೊಮ್ಮಲೂರಿನಲ್ಲಿ ಈ ಕೆಲಸಕ್ಕೆ ಒಳ್ಳೆಯದು. ಕೀ ಪೂರ್ತಿ ಕೊಟ್ಟು ಲೋಲಕವನ್ನು ಒಂದು ಪಕ್ಕಕ್ಕೆ ಸ್ವಲ್ಪ ಎಳೆದು ಮೆಲ್ಲಗೆ ಬಿಡಿ. ಒಂದೆರಡು ನಿಮಿಷ ತೂಗಾಟ ತನ್ನ ಅಳತೆಗೆ ಬರಲಿ. ಆಮೇಲೆ ಕಣ್ಣು ಮುಚ್ಚಿ ಕೇಳಿ. ಟಿಕ್‌ನಿಂದ ಟಕ್‌ಗೆ ಎಷ್ಟು ಬಿಡುವೋ ಟಕ್‌ನಿಂದ ಟಿಕ್‌ಗೂ ಅಷ್ಟೇ ಬಿಡುವಿರಬೇಕು. ಇಲ್ಲವೆನಿಸಿದರೆ ಗಡಿಯಾರದ ಎಡ ತುದಿಯನ್ನು ಬೆರಳಿನಿಂದ ಒಂದಿಷ್ಟೇ ಎತ್ತಿ. ಸದ್ದು ಸಮವಾಗುತ್ತಾ ಬಂದರೆ ದಾರಿ ಸರಿ, ಕುಂಟು ಹೆಚ್ಚಿದರೆ ಎಡವನ್ನು ಇಳಿಸಿ ಬಲ ತುದಿ ಎತ್ತಿ. ಸಮವಾದ ಎತ್ತರ ಸಿಕ್ಕಿದ ಕೂಡಲೇ ಆ ಕಾಲಿನ ಕೆಳಗೆ ಮಡಿಸಿದ ರಟ್ಟು ಅಥವಾ ವಿಸಿಟಿಂಗ್ ಕಾರ್ಡುಗಳನ್ನು ತುರುಕಿ. ಒಂದೊಂದೇ ಕಾರ್ಡು ಹಾಕುತ್ತಾ, ತೆಗೆಯುತ್ತಾ ಕೇಳಿ. ಒಂದು ಕಾರ್ಡಿನ ದಪ್ಪಕ್ಕೂ ಸದ್ದು ಬದಲಾಗುವುದು ನಿಮ್ಮ ಕಿವಿಗೇ ತಿಳಿಯುತ್ತದೆ. ತಾಳ ಹಾಕಿ ಅಭ್ಯಾಸವಿರುವ ಸಂಗೀತದವರು ಮನೆಯಲ್ಲಿದ್ದರೆ ಅವರನ್ನು ಕರೆಯಿರಿ, ಅವರು ಇದನ್ನು ಕ್ಷಣದಲ್ಲಿ ಹಿಡಿಯುತ್ತಾರೆ.

ಕಿವಿ ಮಂದವಾಗಿರುವ ಹಿರಿಯರು ಮೊಮ್ಮಕ್ಕಳ ಫೋನಿನ ನೆರವು ಪಡೆಯಬಹುದು. ಸದ್ದನ್ನು ರೆಕಾರ್ಡ್ ಮಾಡಿದರೆ ಪರದೆಯ ಮೇಲೆ ಏಳುವ ಗೆರೆಗಳ ನಡುವಿನ ಅಂತರ ಸಮವಾಗಿದೆಯೇ ಎಂಬುದು ಕಣ್ಣಿಗೇ ಕಾಣುತ್ತದೆ.

ಪೆಟ್ಟಿಗೆ ಎದ್ದು ಕಾಣುವಷ್ಟು ವಾರೆಯಾದರೆ ಮಾತ್ರ ಸದ್ದು ಸಮವಾಗುತ್ತದೆ ಎಂದಾದರೆ ಕ್ರಚ್ ತಂತಿಯನ್ನೇ ತಿದ್ದಬೇಕು. ಸೂತ್ರ ಸರಳ. ಯಾವ ಪಕ್ಕವನ್ನು ಎತ್ತಿದಾಗ ನಡೆ ಸರಿಯಾಯಿತೋ ಕ್ರಚ್ಚನ್ನು ಅದೇ ಪಕ್ಕಕ್ಕೆ ಒಂದಿಷ್ಟು ಬಾಗಿಸಬೇಕು. ತಂತಿಯ ಮೇಲ್ಭಾಗವನ್ನು ಒಂದು ಕೈಯಲ್ಲಿ ಭದ್ರವಾಗಿ ಹಿಡಿದು ಕೆಳಭಾಗವನ್ನು ಮಾತ್ರ ಸರಿಸಬೇಕು, ಇಲ್ಲದಿದ್ದರೆ ಒತ್ತಡವೆಲ್ಲ ಆಂಕರಿನ ಸೂಕ್ಷ್ಮ ತುದಿಗಳ ಮೇಲೆ ಬೀಳುತ್ತದೆ. ಕೈ ನಡುಗುವವರು ಇದನ್ನು ರಿಪೇರಿಯವರಿಗೆ ಬಿಡುವುದು ಲೇಸು. ಈಚಿನ ಕೆಲವು ಗಡಿಯಾರಗಳಲ್ಲಿ ಕ್ರಚ್ಚು ಬಿಗಿಯಾಗಿ ಬೆಸೆದಿರದೆ ತನ್ನಷ್ಟಕ್ಕೆ ಜಾರಿ ಹೊಂದಿಕೊಳ್ಳುವಂತಿರುತ್ತದೆ. ಅಂಥವುಗಳಲ್ಲಿ ಲೋಲಕವನ್ನು ಅಗಲವಾಗಿ ತೂಗಿಬಿಟ್ಟರೆ ನಡೆ ತಾನೇ ಸರಿಯಾಗುತ್ತದೆ.

ಬೆಂಗಳೂರಿನ ಸೆಳೆತವೇ ಬೇರೆ

ನಡೆ ಸಮವಾದರೆ ಗಡಿಯಾರ ನಿಲ್ಲುವುದಿಲ್ಲ. ಅದು ಸರಿಯಾದ ವೇಳೆ ತೋರಿಸುವುದು ಮುಂದಿನ ಹೆಜ್ಜೆ. ಲೋಲಕದ ವೇಗ ನಿಂತಿರುವುದು ಅದರ ಉದ್ದದ ಮೇಲೆ ಮತ್ತು ಆ ಊರಿನ ಗುರುತ್ವದ ಮೇಲೆ. ಫ್ರಾನ್ಸಿನ ಖಗೋಳಜ್ಞ ಝಾನ್ ರಿಶೇ 1672ರಲ್ಲಿ ಪ್ಯಾರಿಸ್ಸಿನಲ್ಲಿ ಸರಿಪಡಿಸಿದ ಗಡಿಯಾರವನ್ನು ಸಮಭಾಜಕ ವೃತ್ತದ ಹತ್ತಿರದ ಕಯೆನ್ ಊರಿಗೆ ಒಯ್ದಾಗ ಅದು ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬೀಳುತ್ತಿತ್ತು. ಭೂಮಿ ಪೂರ್ತಿ ಗುಂಡಾಗಿಲ್ಲ, ಅದರ ನಡು ಉಬ್ಬಿದೆ ಎಂಬ ವಾದಕ್ಕೆ ಆ ಎರಡೂವರೆ ನಿಮಿಷ ದೊಡ್ಡ ಸಾಕ್ಷಿಯಾಯಿತು.

ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಎರಡೂ ಸೇರಿ ಇಲ್ಲಿಯ ಗುರುತ್ವ ಲಂಡನ್ನಿನದಕ್ಕಿಂತ ತುಸು ಕಡಿಮೆ. ಲೆಕ್ಕ ಹಾಕಿದರೆ ಲಂಡನ್ನಿನಲ್ಲಿ ಕರಾರುವಾಕ್ಕಾಗಿ ನಡೆಯುತ್ತಿದ್ದ ಗಡಿಯಾರ ಇಲ್ಲಿ ದಿನಕ್ಕೆ ಎರಡು ನಿಮಿಷಕ್ಕೂ ಹೆಚ್ಚು ಹಿಂದೆ ಬೀಳುತ್ತದೆ. ಮಂಗಳೂರಿನಿಂದ ತಂದದ್ದೂ ದಿನಕ್ಕೆ ಹತ್ತು ಸೆಕೆಂಡಿನ ಆಸುಪಾಸು ಹಿಂದೆ ಬೀಳುತ್ತದೆ. ಅದಕ್ಕೇ ಊರು ಬದಲಿಸಿದ ಗಡಿಯಾರವನ್ನು ಹೊಸ ಊರಿನಲ್ಲಿ ಮತ್ತೆ ಹೊಂದಿಸಲೇಬೇಕು.

ಈ ಸೂಕ್ಷ್ಮಗಳಿಗೂ ಬೆಂಗಳೂರಿನ ಪೂರ್ವ ಭಾಗಕ್ಕೂ ಹಳೆಯ ನಂಟಿದೆ. ದೊಮ್ಮಲೂರಿನಿಂದ ಕೆಲವೇ ಕಿಲೋಮೀಟರ್ ಪೂರ್ವದಲ್ಲಿ, ಕೃಷ್ಣರಾಜಪುರದಿಂದ ಅಗರದವರೆಗೆ ಸುಮಾರು ಏಳೂವರೆ ಮೈಲಿ ಉದ್ದದ ಒಂದು ನೇರ ಗೆರೆಯನ್ನು ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಅಳೆದರು. ಮುಂದೆ ಇಡೀ ಉಪಖಂಡವನ್ನು ಅಳೆದ ಮಹಾ ತ್ರಿಕೋನಮಿತಿ ಸರ್ವೆಗೆ ಅದು ನಾಂದಿ. ಉಕ್ಕಿನ ಸರಪಳಿಯನ್ನು ಮರದ ತೊಟ್ಟಿಗಳಲ್ಲಿಟ್ಟು, ನೆಲದ ಏರಿಳಿತವನ್ನು ಲೆಕ್ಕದಲ್ಲಿ ಕಳೆದು, ಬಿಸಿಲಿಗೆ ಸರಪಳಿ ಹಿಗ್ಗುವುದನ್ನೂ ಗಣಿಸಿದ ಕೆಲಸ ಅದು. ಅದೇ ಸರ್ವೆಯ ಮುಂದಿನ ತಲೆಮಾರು 1865ರಿಂದ ರಾಯಲ್ ಸೊಸೈಟಿಯ ಲೋಲಕಗಳನ್ನು ತರಿಸಿ ಭಾರತದ ಬೇರೆ ಬೇರೆ ಕಡೆ ಗುರುತ್ವವನ್ನು ಅಳೆಯಿತು. ಆ ಕೆಲಸದ ಮುಂದಾಳು ಜೇಮ್ಸ್ ಪಲ್ಲಾಡಿಯೊ ಬಸೆವಿ 1871ರಲ್ಲಿ ಲಡಾಖಿನ ಎತ್ತರದಲ್ಲಿ ಲೋಲಕ ತೂಗುತ್ತಲೇ ಕಾಯಿಲೆ ಬಿದ್ದು ತೀರಿಕೊಂಡರು. ನಮ್ಮ ಶೋಕೇಸಿನ ಮೇಲಿನ ಲೋಲಕ ಉತ್ತರ ಕೊಡುವುದೂ ಅದೇ ಗುರುತ್ವಕ್ಕೆ.

ಕೂದಲೆಳೆ ತಿರುಗಿಸಿ, ವಾರ ಕಾಯಿರಿ

ಲೋಲಕದ ಗುಂಡಿನ ಕೆಳಗೆ ಒಂದು ಚಿಕ್ಕ ನಟ್ಟು ಇರುತ್ತದೆ. ಗುಂಡು ಮೇಲೇರಿದರೆ ಗಡಿಯಾರ ಮುಂದೆ ಓಡುತ್ತದೆ, ಕೆಳಗಿಳಿದರೆ ಹಿಂದೆ ಬೀಳುತ್ತದೆ. ಕೆಲವು ಗಡಿಯಾರಗಳಲ್ಲಿ ಹನ್ನೆರಡರ ಅಂಕಿಯ ಹತ್ತಿರ ಎಫ್ (ಫಾಸ್ಟ್) ಮತ್ತು ಎಸ್ (ಸ್ಲೋ) ಅಕ್ಷರಗಳ ನಡುವೆ ಒಂದು ಸಣ್ಣ ತೂತಿದ್ದು, ಕೀಲಿಯ ಚಿಕ್ಕ ತುದಿಯಿಂದ ಮುಂದಿನಿಂದಲೇ ತಿರುಗಿಸಬಹುದು.

ಇಲ್ಲಿ ಬೇಕಾದದ್ದು ಸಂಯಮ. ಹತ್ತು ಸೆಂಟಿಮೀಟರ್ ಉದ್ದದ ಲೋಲಕ ನಿಮಿಷಕ್ಕೆ ಸುಮಾರು 190 ಸಲ, ದಿನಕ್ಕೆ ಎರಡು ಲಕ್ಷ ಎಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ಸದ್ದು ಮಾಡುತ್ತದೆ. ಅದರ ಉದ್ದ ಒಂದೇ ಒಂದು ಮಿಲಿಮೀಟರ್ ಬದಲಾದರೆ ದಿನಕ್ಕೆ ಏಳು ನಿಮಿಷದ ವ್ಯತ್ಯಾಸ. ಆದ್ದರಿಂದ ನಟ್ಟನ್ನು ಒಂದು ಸುತ್ತಲ್ಲ, ಕಾಲು ಸುತ್ತು ತಿರುಗಿಸಿ ಒಂದು ದಿನ ನೋಡಿ. ಹತ್ತಿರ ಬಂದ ಮೇಲೆ ವಾರಕ್ಕೊಮ್ಮೆ, ಕೀ ಕೊಡುವ ಭಾನುವಾರವೇ ನೋಡಿ ತಿದ್ದಿ. ಸ್ಪ್ರಿಂಗು ತುಂಬಿದ್ದಾಗಿನ ನಡೆಗೂ ಸೊರಗಿದಾಗಿನ ನಡೆಗೂ ಸ್ವಲ್ಪ ವ್ಯತ್ಯಾಸವಿರುವುದರಿಂದ ವಾರದಿಂದ ವಾರಕ್ಕೆ ಹೋಲಿಸುವುದೇ ನ್ಯಾಯ. ಹಿತ್ತಾಳೆ ಕಡ್ಡಿಯ ಲೋಲಕ ಹತ್ತು ಡಿಗ್ರಿ ಸೆಖೆ ಹೆಚ್ಚಿದರೆ ದಿನಕ್ಕೆ ಎಂಟು ಸೆಕೆಂಡ್ ಹಿಂದೆ ಬೀಳುತ್ತದೆ. ಬೆಂಗಳೂರಿನ ಮನೆಯೊಳಗೆ ಚಳಿಗೂ ಬೇಸಿಗೆಗೂ ಅಷ್ಟು ದೊಡ್ಡ ಅಂತರವಿಲ್ಲ, ಈ ವಿಷಯದಲ್ಲಿ ನಾವು ಪುಣ್ಯವಂತರು. ಇಷ್ಟೆಲ್ಲ ಮಾಡಿದ ಮೇಲೆ ವಾರಕ್ಕೆ ಒಂದೆರಡು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಬರದಿದ್ದರೆ ಆ ಗಡಿಯಾರ ಚೆನ್ನಾಗಿದೆ ಎಂದೇ ಅರ್ಥ.

ವೇಳೆ ಹೊಂದಿಸುವಾಗ ಗಂಟೆ ಬಾರಿಸುವ ಹಳೆಯ ಗಡಿಯಾರದ ನಿಮಿಷದ ಮುಳ್ಳನ್ನು ಹಿಂದಕ್ಕೆ ತಿರುಗಿಸಬೇಡಿ. ಮುಂದಕ್ಕೇ ತಿರುಗಿಸಿ, ಅರ್ಧ ಗಂಟೆಗೂ ಪೂರ್ತಿ ಗಂಟೆಗೂ ನಿಂತು, ಬಾರಿಸಿ ಮುಗಿಸುವವರೆಗೆ ಕಾಯಿರಿ. ತೆಂಗಿನೆಣ್ಣೆ, ಸೀಮೆಎಣ್ಣೆ ಯಾವುದನ್ನೂ ಯಂತ್ರಕ್ಕೆ ಬಿಡಬೇಡಿ. ಅವು ದೂಳನ್ನು ಹಿಡಿದು ಜಿಡ್ಡಾಗುತ್ತವೆ. ಗಡಿಯಾರದ ಎಣ್ಣೆಯೇ ಬೇರೆ ಇದೆ, ಅದೂ ಸೂಜಿಮೊನೆಯಷ್ಟು ಸಾಕು.

ನಡೆ ಸಮವಾಗಿದ್ದೂ, ನೆಲೆ ಗಟ್ಟಿಯಾಗಿದ್ದೂ, ಕೀ ತುಂಬಿದ್ದೂ ಗಡಿಯಾರ ನಿಂತರೆ ಆಗ ತೊಂದರೆ ಯಂತ್ರದೊಳಗಿದೆ. ಚಕ್ರದ ಅಚ್ಚು ತಿರುಗುವ ತೂತು (ಬುಷ್) ಸವೆದಿರಬಹುದು, ಹಳೆಯ ಎಣ್ಣೆ ಗಟ್ಟಿಯಾಗಿರಬಹುದು. ಅದನ್ನು ಬಿಚ್ಚಿ ತೊಳೆದು ಸರಿಮಾಡುವ ಕೈಗಳು ಶಿವಾಜಿನಗರ, ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಕಡೆ ಇನ್ನೂ ಇವೆ, ಆದರೆ ಕಡಿಮೆಯಾಗುತ್ತಿವೆ. ಕೆಲಸ ಸಿಕ್ಕಿದರೆ ಮಾತ್ರ ಆ ಕೈಗಳು ಉಳಿಯುತ್ತವೆ, ಮಕ್ಕಳಿಗೆ ಕಲಿಸುವ ಮನಸ್ಸೂ ಅವರಿಗೆ ಬರುತ್ತದೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದಲ್ಲೋ ಶೋಕೇಸಿನಲ್ಲೋ ನಿಂತುಹೋದ ಲೋಲಕದ ಗಡಿಯಾರವಿದ್ದರೆ ಗುಜರಿಗೆ ಕೊಡುವ ಮುಂಚೆ ಒಂದು ಸಂಜೆ ಅದಕ್ಕೆ ಕೊಡಿ. ಗಟ್ಟಿ ಜಾಗದಲ್ಲಿಡಿ, ಕೀ ಕೊಡಿ, ಒಂದು ಪಕ್ಕವನ್ನು ಬೆರಳಿನಿಂದ ಎತ್ತಿ ಸದ್ದು ಕೇಳಿ. ಸರಿಹೋದರೆ ಕಾಲ ಕೆಳಗಿನ ರಟ್ಟಿನ ಮೇಲೆ ಎಡ, ಬಲ ಎಂದು ಗುರುತು ಹಾಕಿ, ದೂಳು ಹೊಡೆಯುವಾಗ ಗಡಿಯಾರವನ್ನು ಸರಿಸಬೇಡಿರೆಂದು ಮನೆಯವರಿಗೆಲ್ಲ ಹೇಳಿ. ಸರಿಹೋಗದಿದ್ದರೆ ರಿಪೇರಿಯವರ ಹತ್ತಿರ ಒಯ್ಯಿರಿ. ನೂರು ವರ್ಷ ನಡೆದ ಯಂತ್ರ ಒಂದು ವಿಸಿಟಿಂಗ್ ಕಾರ್ಡಿನ ದಪ್ಪದ ತಪ್ಪಿಗೆ ಗುಜರಿ ಸೇರಬಾರದು.